ಕಾಯಿಸಿದ್ದಕ್ಕೂ ಕಾಸು: ಕಾರವಾರದಿಂದ ಮಾಡಿದ ಕೆಲವು ಕಸ್ಟಮರ್ ಕೇರ್ ಕರೆಗಳ ವಿಮರ್ಶೆ

ಮಳೆಗಾಲದ ಮೀನುಗಾರಿಕೆ ನಿಷೇಧದಿಂದಾಗಿ ಜೂನ್ 1ರಿಂದ ಎರಡು ತಿಂಗಳು ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವುದಿಲ್ಲ. ಆ ಕಾರಣಕ್ಕೆ ಮೇ ಕೊನೆಯ ವಾರದಲ್ಲಿ ಬಂಗಡೆಯನ್ನೂ ಶೆಟ್ಲಿಯನ್ನೂ (ಸಿಗಡಿ) ಸ್ವಲ್ಪ ಹೆಚ್ಚಾಗಿಯೇ ತಂದು ತುಂಬಿಸಿಟ್ಟೆವು. ಅದರ ಮರುದಿನವೇ ನಮ್ಮ ಮನೆಯ ಫ್ರಿಜ್ ತಣ್ಣಗಾಗುವುದನ್ನು ನಿಲ್ಲಿಸಿತು. ಕೊಂಡು ಮೂರು ವರ್ಷವಾಗಿದ್ದರೂ ಕಂಪ್ರೆಸರ್‌ಗೆ ಇನ್ನೂ ವಾರಂಟಿ ಇತ್ತು. ಬಾಗಿಲಿನ ಮೇಲೆ ಅಂಗಡಿಯವರು ಅಂಟಿಸಿಕೊಟ್ಟಿದ್ದ ಸ್ಟಿಕರ್‌ನಲ್ಲಿ, ಕನ್ನಡಕವಿಲ್ಲದೆಯೂ ಓದಬಹುದಾದಷ್ಟು ದೊಡ್ಡ ಅಂಕಿಗಳಲ್ಲಿ, 1860ರಿಂದ ಆರಂಭವಾಗುವ ಗ್ರಾಹಕ ಸೇವಾ ಸಂಖ್ಯೆ ಇತ್ತು. ಮೊಬೈಲಿನಿಂದ ಕರೆ ಮಾಡಿದೆ. ಭಾಷೆ ಆರಿಸಲು ಒಂದು ಅಂಕಿ, ಯಂತ್ರ ಯಾವುದೆಂದು ತಿಳಿಸಲು ಇನ್ನೊಂದು, ಹೊಸ ದೂರೋ ಹಳೆಯದೋ ಎಂಬುದಕ್ಕೆ ಮತ್ತೊಂದು, ಕೊನೆಗೆ ನಮ್ಮೂರಿನ ಪಿನ್ ಕೋಡ್ 581301 ಒತ್ತಿದ ಮೇಲೆ ಸಂಗೀತ ಆರಂಭವಾಯಿತು. ನಿಮ್ಮ ಕರೆ ನಮಗೆ ಬಹಳ ಮುಖ್ಯ ಎಂಬ ಧ್ವನಿಮುದ್ರಿತ ಮಾತು ನಿಮಿಷಕ್ಕೊಮ್ಮೆ ಕೇಳಿಸುತ್ತಿತ್ತು. ಯಾವ ಮನುಷ್ಯನೂ ಮಾತಿಗೆ ಸಿಗಲಿಲ್ಲ. ಇಪ್ಪತ್ತೆರಡು ನಿಮಿಷ ಹತ್ತು ಸೆಕೆಂಡಿಗೆ ಕರೆ ತಾನಾಗಿ ಕಡಿದುಹೋಯಿತು.

ಆಗ ಮೊಬೈಲಿನ ಪರದೆಯ ಮೇಲೆ ಮೂಡಿದ ಸಂದೇಶವೇ ಈ ಬರಹಕ್ಕೆ ಕಾರಣ. ಆ ಕರೆಗೆ 33 ರೂಪಾಯಿ 25 ಪೈಸೆ ಕಡಿತವಾಗಿತ್ತು. 38 ರೂಪಾಯಿ 40 ಪೈಸೆಯಿದ್ದ ನನ್ನ ಬ್ಯಾಲೆನ್ಸ್ 5 ರೂಪಾಯಿ 15 ಪೈಸೆಗೆ ಇಳಿದಿತ್ತು. ನಾನು ಹಾಕಿಸಿಕೊಂಡಿರುವುದು 84 ದಿನಗಳ ಅನಿಯಮಿತ ಕರೆಯ ಪ್ಯಾಕ್. ದೇಶದ ಯಾವ ಮೂಲೆಗೆ ಎಷ್ಟು ಹೊತ್ತು ಮಾತನಾಡಿದರೂ ಹಣ ಹೋಗದು ಎಂಬ ನಂಬಿಕೆಯಲ್ಲಿ ವರ್ಷಗಳಿಂದ ಇದ್ದವನು ನಾನು. ಮರುದಿನ ಬೆಳಿಗ್ಗೆ ಅದೇ ಸಂಖ್ಯೆಗೆ ಮತ್ತೆ ಕರೆ ಮಾಡಿದಾಗ, ಸಂಗೀತ ಸರಿಯಾಗಿ ಆರಂಭವಾಗುವಷ್ಟರಲ್ಲಿ, 206ನೆಯ ಸೆಕೆಂಡಿಗೆ ಕರೆ ನಿಂತುಹೋಯಿತು. ಸೆಕೆಂಡಿಗೆ ಎರಡೂವರೆ ಪೈಸೆಯಂತೆ 5 ರೂಪಾಯಿ 15 ಪೈಸೆಗೆ ಸಿಗುವುದು ಸರಿಯಾಗಿ 206 ಸೆಕೆಂಡು. ಮೂವತ್ತೊಂದು ವರ್ಷ ಖಜಾನೆಯಲ್ಲಿ ಲೆಕ್ಕಪತ್ರದ ನೌಕರಿ ಮಾಡಿ ನಿವೃತ್ತನಾದ ನನಗೆ ಆ ಲೆಕ್ಕ ಒಂದು ಪೈಸೆಯೂ ತಪ್ಪದೆ ಕೂಡಿದ್ದನ್ನು ಕಂಡು, ಹಣ ಹೋದ ಬೇಸರದ ನಡುವೆಯೂ, ಸಣ್ಣದೊಂದು ಸಮಾಧಾನವಾಯಿತೆಂಬುದನ್ನು ಮುಚ್ಚಿಡುವುದಿಲ್ಲ.

ಹೀಗಾಗಿ ಇಲ್ಲಿ ವಿಮರ್ಶೆಗೆ ಒಳಗಾಗಿರುವುದು ಫ್ರಿಜ್ ಅಲ್ಲ, ಅದರ ಬಾಗಿಲಿನ ಮೇಲಿದ್ದ ದೂರವಾಣಿ ಸಂಖ್ಯೆ. ಅದರ ಜೊತೆಗೆ, ಆ ಎರಡು ದಿನಗಳ ಅನುಭವದ ನಂತರ ಮೂರು ತಿಂಗಳ ಕಾಲ ನಾನು ಬೇರೆ ಬೇರೆ ಸಂಸ್ಥೆಗಳಿಗೆ ಮಾಡಿದ ಕರೆಗಳನ್ನೂ ತೂಗಿ ನೋಡಿದ್ದೇನೆ. ದಿನಾಂಕ, ಸಂಖ್ಯೆ, ಕರೆಗೆ ಮೊದಲಿನ ಬ್ಯಾಲೆನ್ಸ್, ನಂತರದ ಬ್ಯಾಲೆನ್ಸ್, ಮನುಷ್ಯನ ದನಿ ಕೇಳುವವರೆಗೆ ಹೋದ ನಿಮಿಷಗಳು, ಕೆಲಸ ಆಯಿತೋ ಇಲ್ಲವೋ ಎಂಬ ಆರು ಕಾಲಂಗಳ ಒಂದು ನೋಟುಪುಸ್ತಕ ಇದಕ್ಕೆ ಆಧಾರ.

ಮೊದಲು ಸಂಖ್ಯೆಗಳ ಜಾತಿಯನ್ನು ತಿಳಿದುಕೊಳ್ಳಬೇಕು. 1800ರಿಂದ ಆರಂಭವಾಗುವುದು ಟೋಲ್ ಫ್ರೀ ಸಂಖ್ಯೆ. ಕರೆಯ ವೆಚ್ಚವನ್ನು ಕರೆ ಸ್ವೀಕರಿಸುವ ಸಂಸ್ಥೆಯೇ ತೆರುತ್ತದೆ. 1860ರಿಂದ ಆರಂಭವಾಗುವುದು ನೋಟಕ್ಕೆ ಅದರ ಅಣ್ಣತಮ್ಮನಂತೆಯೇ ಇದ್ದರೂ ಸ್ವಭಾವದಲ್ಲಿ ಬೇರೆ: ಕರೆ ಮಾಡಿದವನು ಸ್ಥಳೀಯ ಕರೆಯ ದರವನ್ನು ತೆರಬೇಕು, ದೂರದೂರಿನ ಕರೆಯ ಹೆಚ್ಚುವರಿ ವೆಚ್ಚವನ್ನು ಮಾತ್ರ ಸಂಸ್ಥೆ ಹೊರುತ್ತದೆ. ಈ ವ್ಯತ್ಯಾಸ ನಮ್ಮಲ್ಲಿ ಬಹಳ ಜನರಿಗೆ ತಿಳಿದಿಲ್ಲ. ನಮ್ಮ ಬೀದಿಯಲ್ಲಿ ನಾನು ಕೇಳಿದ ಏಳು ಮನೆಗಳ ಪೈಕಿ ಆರರಲ್ಲಿ 1860 ಎಂದರೆ ಉಚಿತವೆಂದೇ ತಿಳಿದಿದ್ದರು. ಏಳನೆಯ ಮನೆಯವರು ನನ್ನ ಹಾಗೆಯೇ ಹಣ ಕಳೆದುಕೊಂಡು ಕಲಿತವರು.

ನ್ಯಾಯವಾಗಿ ಹೇಳಬೇಕೆಂದರೆ, ಈ ಸರಣಿಯ ಮೂಲದಲ್ಲಿ ಇದ್ದುದು ಗ್ರಾಹಕನ ಮೇಲಿನ ದಯೆಯೇ. ಹಳದಿ ಬೋರ್ಡಿನ ಎಸ್‌ಟಿಡಿ ಬೂತುಗಳ ಕಾಲವನ್ನು ಕಂಡವರಿಗೆ ಇದು ಅರ್ಥವಾದೀತು. ಆಗ ಕಾರವಾರದಿಂದ ಬೆಂಗಳೂರಿಗೋ ಮುಂಬಯಿಗೋ ಮಾತನಾಡುವುದೆಂದರೆ ಗೋಡೆಯ ಮೇಲಿನ ಮೀಟರಿನ ಕೆಂಪು ಅಂಕಿಗಳನ್ನು ನೋಡುತ್ತ, ಹೇಳಬೇಕಾದ ಮಾತುಗಳಲ್ಲಿ ಅರ್ಧವನ್ನು ನುಂಗಿಕೊಳ್ಳುವುದು. ಅವಸರವಿಲ್ಲದ ಮಾತಾಗಿದ್ದರೆ ರಾತ್ರಿ ದರ ಇಳಿಯುವವರೆಗೆ ಕಾಯುವುದು. ದೂರ ಹೆಚ್ಚಾದಷ್ಟೂ ದರ ಹೆಚ್ಚು. ಅಂಥ ದಿನಗಳಲ್ಲಿ ಒಂದು ಕಂಪನಿ, ನೀವು ಎಲ್ಲಿಂದ ಕರೆ ಮಾಡಿದರೂ ಸ್ಥಳೀಯ ಕರೆಯ ದರವನ್ನಷ್ಟೇ ಕೊಡಿ, ಉಳಿದದ್ದನ್ನು ನಾವು ಕೊಡುತ್ತೇವೆ ಎಂದರೆ ಅದು ದೊಡ್ಡ ಉಪಕಾರವೇ ಆಗಿತ್ತು. ನಂತರ ಆ ದೂರದ ಲೆಕ್ಕವೇ ಕರಗಿತು. ಬಿಎಸ್ಎನ್ಎಲ್ 2006ರ ಮಾರ್ಚ್‌ನಲ್ಲಿ ದೇಶದ ಯಾವ ಊರಿಗಾದರೂ ನಿಮಿಷಕ್ಕೆ ಒಂದು ರೂಪಾಯಿ ಎಂಬ ಯೋಜನೆ ತಂದಿತು. ಒಂದು ಕಂಪನಿಯ ಜಾಲದಿಂದ ಇನ್ನೊಂದರ ಜಾಲಕ್ಕೆ ಹೋಗುವ ಕರೆಗೆ ಕಂಪನಿಗಳು ಪರಸ್ಪರ ತೆರುತ್ತಿದ್ದ ಶುಲ್ಕ 2017ರ ಅಕ್ಟೋಬರ್‌ನಲ್ಲಿ ನಿಮಿಷಕ್ಕೆ 14 ಪೈಸೆಯಿಂದ 6 ಪೈಸೆಗೆ ಇಳಿದು, 2021ರ ಜನವರಿ 1ರಂದು ಸೊನ್ನೆಯಾಯಿತು. ಗೋವಾ ಗಡಿಗೆ ಹತ್ತಿದ ನಮ್ಮ ಮಾಜಾಳಿಯ ಕಡೆಯವರು ಮನೆಯಂಗಳದಲ್ಲಿ ನಿಂತೇ ಗೋವಾದ ಟವರ್ ಹಿಡಿದು ರೋಮಿಂಗ್ ದರ ತೆತ್ತ ಕಾಲವೂ ಹೋಯಿತು. ಇಂದು ಸಾಮಾನ್ಯ ಸಂಖ್ಯೆಗೆ ಕಾರವಾರದಿಂದ ಕೋಲ್ಕತ್ತಕ್ಕೆ ಎರಡು ಗಂಟೆ ಮಾತನಾಡಿದರೂ ನನ್ನ ಪ್ಯಾಕಿನಲ್ಲಿ ಪೈಸೆ ಹೋಗುವುದಿಲ್ಲ. ಆದರೆ 1860 ಆ ಸಾಮಾನ್ಯ ಸಂಖ್ಯೆಗಳ ಲೆಕ್ಕಕ್ಕೆ ಬರಲಿಲ್ಲ. ದೂರದೂರಿನ ಕರೆ ದುಬಾರಿಯಾಗಿದ್ದಾಗ ಅಗ್ಗವಾಗಿದ್ದ ಸಂಖ್ಯೆ, ಎಲ್ಲ ಕರೆಗಳೂ ಅಗ್ಗವಾದಾಗ ದುಬಾರಿಯಾಗಿ ಉಳಿಯಿತು. ಸ್ಟಿಕರ್ ಮುದ್ರಿಸುವವರಿಗೆ ಇದು ತಿಳಿದಿಲ್ಲವೆಂದು ನಂಬುವುದು ನನಗೆ ಕಷ್ಟ.

ಸೆಕೆಂಡಿಗೆ ಎರಡೂವರೆ ಪೈಸೆ, ಎಂದರೆ ನಿಮಿಷಕ್ಕೆ ಒಂದೂವರೆ ರೂಪಾಯಿ, ಅಷ್ಟೇನೂ ದೊಡ್ಡದಲ್ಲ ಎನ್ನುವವರು ಇನ್ನೊಂದು ಲೆಕ್ಕವನ್ನು ಗಮನಿಸಬೇಕು. ಬ್ಯಾಲೆನ್ಸ್ ಮುಗಿದ ಮೇಲೆ ನಾನು 20 ರೂಪಾಯಿಯ ಟಾಪ್ ಅಪ್ ಹಾಕಿಸಿದೆ. ತೆರಿಗೆ ಮತ್ತು ಸಂಸ್ಕರಣಾ ಶುಲ್ಕ ಕಳೆದು ಕೈಗೆ ಬಂದದ್ದು 14 ರೂಪಾಯಿ 95 ಪೈಸೆ. ಅದರಲ್ಲಿ ಸಿಗುವುದು 598 ಸೆಕೆಂಡು, ಹತ್ತು ನಿಮಿಷಕ್ಕೆ ಎರಡು ಸೆಕೆಂಡು ಕಡಿಮೆ. ಆದ್ದರಿಂದ ನನ್ನ ಜೇಬಿನಿಂದ ಹೋದದ್ದು ನಿಮಿಷಕ್ಕೆ ಒಂದೂವರೆ ಅಲ್ಲ, ಎರಡು ರೂಪಾಯಿ. ಇದರಲ್ಲಿ ಮಾತಿಗೆ ಕೊಟ್ಟ ಹಣ ಒಂದು ಪೈಸೆಯೂ ಇಲ್ಲ ಎಂಬುದೇ ನನ್ನ ಮುಖ್ಯ ತಕರಾರು. ದೂರು ಹೇಳಿ ಮುಗಿಸಲು ಎರಡು ನಿಮಿಷ ಸಾಕು. ಆ ಎರಡು ನಿಮಿಷಕ್ಕೆ ನಾಲ್ಕು ರೂಪಾಯಿ ಕೇಳಿದ್ದರೆ ನಾನು ಗೊಣಗದೆ ಕೊಡುತ್ತಿದ್ದೆ. ಕರೆ ಕೇಂದ್ರದಲ್ಲಿ ಎಷ್ಟು ಜನರನ್ನು ಕೂರಿಸಬೇಕೆಂದು ನಿರ್ಧರಿಸುವುದು ಕಂಪನಿ, ಆ ಜನ ಸಾಲದೆ ಹೋದಾಗ ಆಗುವ ವಿಳಂಬಕ್ಕೆ ಹಣ ತೆರುವುದು ಗ್ರಾಹಕ. ಸೆಲೂನಿನ ಬೆಂಚಿನ ಮೇಲೆ ಸರದಿಗಾಗಿ ಕುಳಿತ ಹೊತ್ತಿಗೆ ಯಾವ ಕ್ಷೌರಿಕನೂ ಬಾಡಿಗೆ ಕೇಳಿದ್ದನ್ನು ನಾನು ಕಂಡಿಲ್ಲ.

ಆ ಎರಡು ಕರೆಗಳ ಬಗ್ಗೆ ನನ್ನ ಮೊಬೈಲ್ ಕಂಪನಿಗೂ ದೂರು ಕೊಟ್ಟೆ. ಯಾವ ಕಂಪನಿಯ ಸಿಮ್ ಇದ್ದರೂ ದೂರಿಗೆ 198 ಎಂಬ ಸಂಖ್ಯೆ ಉಚಿತ, ದೂರು ದಾಖಲಾದ ಮೇಲೆ ಡಾಕೆಟ್ ನಂಬರ್, ಎಂದರೆ ದೂರಿನ ಗುರುತು ಸಂಖ್ಯೆ, ಕೊಡಲೇಬೇಕು. ಅಲ್ಲಿನ ಉತ್ತರ ಒಪ್ಪಿಗೆಯಾಗದಿದ್ದರೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಶುಲ್ಕವಿಲ್ಲದೆ ಬರೆಯಬಹುದು. ನಾನು ಎರಡನ್ನೂ ಮಾಡಿದೆ. ಪ್ಯಾಕಿನಲ್ಲಿ ಸೇರಿರುವುದು ಸಾಮಾನ್ಯ ಸ್ಥಳೀಯ, ಎಸ್‌ಟಿಡಿ ಮತ್ತು ರೋಮಿಂಗ್ ಕರೆಗಳು ಮಾತ್ರ, 1860 ವಿಶೇಷ ಸಂಖ್ಯೆ, ಷರತ್ತುಗಳಲ್ಲಿ ಇದನ್ನು ತಿಳಿಸಲಾಗಿದೆ ಎಂಬ ಉತ್ತರ ಬಂತು. ಷರತ್ತು ಇದ್ದದ್ದು ನಿಜ. ಅದನ್ನು ಹುಡುಕಲು ನನಗೆ ಅರ್ಧ ಗಂಟೆ ಹಿಡಿದದ್ದೂ ನಿಜ. ಇದರ ನಡುವೆ ವಿವರವಾದ ಕರೆ ಪಟ್ಟಿಯನ್ನೂ ತರಿಸಿಕೊಂಡೆ. ಪ್ರೀಪೇಯ್ಡ್ ಗ್ರಾಹಕ ಕೇಳಿದರೆ ಹಿಂದಿನ ಆರು ತಿಂಗಳೊಳಗಿನ ಯಾವುದೇ ಅವಧಿಯ ಪಟ್ಟಿಯನ್ನು 50 ರೂಪಾಯಿ ಮೀರದ ಶುಲ್ಕಕ್ಕೆ ಕೊಡಬೇಕೆಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರದ 2012ರ ನಿಯಮ ಹೇಳುತ್ತದೆ. 38 ರೂಪಾಯಿ ಹೋದದ್ದನ್ನು ಖಚಿತಪಡಿಸಿಕೊಳ್ಳಲು 50 ರೂಪಾಯಿ ಕೊಟ್ಟ ಗಂಡನ ಬಗ್ಗೆ ನನ್ನ ಹೆಂಡತಿಯ ಅಭಿಪ್ರಾಯವನ್ನು ಇಲ್ಲಿ ಬರೆಯುವುದಿಲ್ಲ. ಆದರೆ ಆ 50 ರೂಪಾಯಿ ವ್ಯರ್ಥವಾಗಲಿಲ್ಲ: ಅದಕ್ಕೂ ಹಿಂದಿನ ಐದು ತಿಂಗಳಲ್ಲಿ ಒಂದು ವಿಮಾ ಕಂಪನಿಗೆ ಮಾಡಿದ ಮೂರು ಕರೆಗಳಿಗೂ ಹೀಗೆಯೇ ಹಣ ಹೋಗಿದ್ದುದು, ನಾನು ಅದನ್ನು ಗಮನಿಸದೆ ಇದ್ದುದು, ಅದರಿಂದಲೇ ಗೊತ್ತಾಯಿತು.

ಆ ವಿಮಾ ಕಂಪನಿಯ ಪ್ರಕರಣ ಇನ್ನೂ ಬೋಧಪ್ರದ. ಏಜೆಂಟರು ಕೊಟ್ಟ ಕ್ಯಾಲೆಂಡರಿನಲ್ಲೂ ಪ್ರೀಮಿಯಂ ರಸೀದಿಯ ನೆತ್ತಿಯ ಮೇಲೂ 1860 ಸಂಖ್ಯೆಯಿದೆ. ಪಾಲಿಸಿ ಪುಸ್ತಕದ ಕೊನೆಯ ಪುಟದಲ್ಲಿ, ದೂರು ಪರಿಹಾರ ಎಂಬ ತಲೆಬರಹದ ಕೆಳಗೆ, ಅದೇ ಕಂಪನಿಯ 1800 ಸಂಖ್ಯೆಯೂ ಇದೆ. ಎರಡಕ್ಕೂ ಒಂದೇ ದಿನ, ಒಂದೇ ಪ್ರಶ್ನೆ ಹಿಡಿದು, ಹತ್ತು ನಿಮಿಷದ ಅಂತರದಲ್ಲಿ ಕರೆ ಮಾಡಿ ನೋಡಿದೆ. ಎರಡೂ ಕಡೆ ಅದೇ ಸಂಗೀತ, ಅದೇ ಆಯ್ಕೆಗಳ ಸಾಲು. ಮಾತಿಗೆ ಸಿಕ್ಕ ಹೆಣ್ಣುಮಗಳೂ ಅದೇ ಕೋಣೆಯಲ್ಲಿ ಕುಳಿತವಳಿರಬೇಕು ಎನಿಸುವಂತೆ ಅದೇ ಉತ್ತರ. ಒಂದಕ್ಕೆ 16 ರೂಪಾಯಿ 50 ಪೈಸೆ ಹೋಯಿತು, ಇನ್ನೊಂದಕ್ಕೆ ಏನೂ ಇಲ್ಲ. ಇದರಿಂದ ನಾನು ಕಲಿತದ್ದು ಇಷ್ಟು: ದೊಡ್ಡ ಅಕ್ಷರದಲ್ಲಿರುವ ಸಂಖ್ಯೆಗೆ ಕರೆ ಮಾಡುವ ಮೊದಲು ಸಣ್ಣ ಅಕ್ಷರದಲ್ಲಿ ಇನ್ನೊಂದು ಇದೆಯೇ ಎಂದು ನೋಡಬೇಕು. ವಿಮೆಯ ವಿಷಯದಲ್ಲಿ ಕಂಪನಿ ಕೇಳಿಸಿಕೊಳ್ಳದೇ ಹೋದರೆ ವಿಮಾ ನಿಯಂತ್ರಣ ಪ್ರಾಧಿಕಾರದ 155255 ಉಚಿತ ಸಂಖ್ಯೆಯೂ ಇದೆ.

ಒಳ್ಳೆಯ ಅನುಭವಗಳನ್ನೂ ದಾಖಲಿಸಬೇಕು. ಮಳೆಗಾಲದ ಮೊದಲ ಗಾಳಿಗೆ ತೆಂಗಿನ ಗರಿ ತಂತಿಯ ಮೇಲೆ ಬಿದ್ದು ಕರೆಂಟು ಹೋದ ರಾತ್ರಿ ಹೆಸ್ಕಾಂನ 1912ಕ್ಕೆ ಕರೆ ಮಾಡಿದೆ. ಹಣ ಹೋಗಲಿಲ್ಲ, ದೂರಿನ ಸಂಖ್ಯೆ ಸಂದೇಶವಾಗಿ ಬಂತು, ಬೆಳಿಗ್ಗೆ ಲೈನ್‌ಮನ್ ಏಣಿಯೊಂದಿಗೆ ಬಂದರು. ಅಡುಗೆ ಅನಿಲದ ಸಿಲಿಂಡರ್ ಕಾದಿರಿಸುವುದಂತೂ ನನ್ನ ನೋಟುಪುಸ್ತಕದಲ್ಲಿ ಅತಿ ಹೆಚ್ಚು ಅಂಕ ಪಡೆದ ಸೇವೆ. ಇಂಡೇನ್ ಗ್ರಾಹಕರು 2021ರ ಜನವರಿ 1ರಿಂದ 84549 55555 ಎಂಬ ಸಂಖ್ಯೆಗೆ ತಮ್ಮ ನೋಂದಾಯಿತ ಮೊಬೈಲಿನಿಂದ ಮಿಸ್ಡ್ ಕಾಲ್ ಕೊಟ್ಟರೆ ಸಾಕು, ಸಿಲಿಂಡರ್ ಕಾದಿರಿಸಿದಂತೆ. ಕರೆ ಒಮ್ಮೆ ರಿಂಗ್ ಆಗಿ ತಾನೇ ನಿಲ್ಲುತ್ತದೆ, ಸಂದೇಶ ಬರುತ್ತದೆ. ಕಾಯುವುದೂ ಇಲ್ಲ, ಕಾಸೂ ಇಲ್ಲ, ಯಾವ ಅಂಕಿಯನ್ನೂ ಒತ್ತಬೇಕಾಗಿಲ್ಲ. ಮಿಸ್ಡ್ ಕಾಲ್ ಎಂಬುದು ದುಡ್ಡು ಉಳಿಸಲು ನಮ್ಮ ಜನ ತಾವಾಗಿಯೇ ಕಂಡುಕೊಂಡ ಉಪಾಯ. ಬಸ್ಸಿನಿಂದ ಇಳಿದೆ ಎಂದು ಮನೆಗೆ ತಿಳಿಸಲು ಒಂದು ರಿಂಗ್, ಕರೆದೊಯ್ಯಲು ಬಾ ಎನ್ನಲು ಎರಡು ರಿಂಗ್ ಕೊಡುತ್ತಿದ್ದ ಕಾಲವನ್ನು ನಾನು ಬಲ್ಲೆ. ಅದನ್ನೇ ಒಂದು ದೊಡ್ಡ ಸಂಸ್ಥೆ ತನ್ನ ಸೇವೆಯಾಗಿ ಒಪ್ಪಿಕೊಂಡಿರುವುದು ಮೆಚ್ಚತಕ್ಕದ್ದು. ಅನಿಲ ಸೋರಿಕೆಯಾದರೆ ಮಾತ್ರ ಮಿಸ್ಡ್ ಕಾಲ್ ಅಲ್ಲ, 1906ಕ್ಕೆ ಕರೆ ಮಾಡಬೇಕು; ಅದು ಹಗಲು ರಾತ್ರಿ ಇರುವ ಉಚಿತ ಸಂಖ್ಯೆ.

ಈ ನೋಟುಪುಸ್ತಕದ ವಿಷಯವನ್ನು ಇಂಗ್ಲೆಂಡಿನಲ್ಲಿರುವ ಮಗಳಿಗೆ ಹೇಳಿದಾಗ ಅವಳು, ಬಾಬಾ, ಇದು ಇಲ್ಲಿಯ ಹಳೆಯ ಜಗಳ ಎಂದು ನಕ್ಕಳು. ಅಲ್ಲಿ 084, 087, 09ರಿಂದ ಆರಂಭವಾಗುವ ಸಂಖ್ಯೆಗಳಿಗೆ ಕರೆ ಮಾಡಿದರೆ ಎರಡು ಬಗೆಯ ಹಣ ಹೋಗುತ್ತದೆ: ಕರೆ ಸ್ವೀಕರಿಸುವ ಕಡೆಗೆ ಸಲ್ಲುವ ಸೇವಾ ಶುಲ್ಕ ಒಂದು, ಕರೆ ಮಾಡಿದವನ ದೂರವಾಣಿ ಕಂಪನಿ ಹಾಕುವ ಪ್ರವೇಶ ಶುಲ್ಕ ಇನ್ನೊಂದು. ಮೊಬೈಲಿನಿಂದ ಕರೆ ಮಾಡಿದವರಿಗೆ ಎರಡನೆಯದೇ ಹೆಚ್ಚು ಭಾರವಾಗುತ್ತದೆಯಂತೆ. 2015ರ ಜುಲೈ 1ರಿಂದ ಈ ಎರಡನ್ನೂ ಬೇರೆ ಬೇರೆಯಾಗಿ ತೋರಿಸಬೇಕೆಂಬ ಕ್ರಮ ಬಂತು. ಅದೇ ದಿನದಿಂದ 0800 ಸಂಖ್ಯೆಗಳು ಮೊಬೈಲಿನಿಂದಲೂ ಉಚಿತವಾದವು. 2007ರಲ್ಲಿ ಆರಂಭವಾದ 03 ಸರಣಿಗೆ ಊರಿನ ಸಾಮಾನ್ಯ ಸಂಖ್ಯೆಗಳಷ್ಟೇ ದರ, ಅದು ಮೊಬೈಲ್ ಪ್ಯಾಕಿನ ನಿಮಿಷಗಳಲ್ಲೂ ಸೇರುತ್ತದೆ. ಇದೆಲ್ಲಕ್ಕಿಂತ ನನಗೆ ಹಿಡಿಸಿದ್ದು 2014ರ ಜೂನ್ 13ರಂದು ಜಾರಿಗೆ ಬಂದ ನಿಯಮ: ಒಮ್ಮೆ ವಸ್ತುವನ್ನು ಮಾರಿದ ವ್ಯಾಪಾರಿ, ಆ ವಸ್ತುವಿನ ಬಗ್ಗೆ ಕೇಳಲು ಕರೆ ಮಾಡುವ ಗ್ರಾಹಕನಿಂದ ಮೂಲ ದರಕ್ಕಿಂತ, ಎಂದರೆ ಸಾಮಾನ್ಯ ಕರೆಯ ದರಕ್ಕಿಂತ, ಹೆಚ್ಚು ತೆರಿಸುವಂತಿಲ್ಲ. ಮಗಳ ರೂಢಿ ಸರಳವಾದದ್ದು. 0870 ಎಂದು ಕಂಡ ಕೂಡಲೇ ಅದೇ ಕಂಪನಿಯ 01, 02 ಅಥವಾ 03 ಸಂಖ್ಯೆಯನ್ನು ಹುಡುಕಿ, ಅದಕ್ಕೆ ಕರೆ ಮಾಡುತ್ತಾಳೆ. ನಮ್ಮ ನಾಡಿನ 1860 ಆ 09ರಷ್ಟು ಸುಲಿಯುವಂಥದ್ದಲ್ಲ ಎಂಬುದನ್ನು ಒಪ್ಪುತ್ತೇನೆ. ಆದರೆ ಅವಳ ರೂಢಿ ಕಾರವಾರದಲ್ಲೂ ಹಾಗೆಯೇ ನಡೆಯುತ್ತದೆ ಎಂಬುದು ಫ್ರಿಜ್‌ನ ವಿಷಯದಲ್ಲಿ ಸಿದ್ಧವಾಯಿತು.

ಪೊಟ್ಟಣ ಮಾಡಿ ಮಾರುವ ವಸ್ತುಗಳ ಬಗ್ಗೆ 2011ರ ಕಾನೂನು ಮಾಪನ ನಿಯಮಗಳಿವೆ. ಗ್ರಾಹಕ ದೂರಿದ್ದರೆ ಸಂಪರ್ಕಿಸಬೇಕಾದ ವ್ಯಕ್ತಿಯ ಅಥವಾ ಕಚೇರಿಯ ಹೆಸರು, ವಿಳಾಸ, ದೂರವಾಣಿ ಸಂಖ್ಯೆಗಳನ್ನು ಪ್ರತಿ ಪೊಟ್ಟಣದ ಮೇಲೂ ಮುದ್ರಿಸಬೇಕೆಂದು ಅವು ವಿಧಿಸುತ್ತವೆ. ಬಿಸ್ಕತ್ತಿನ ಪೊಟ್ಟಣದ ಮೇಲಿರುವುದು ಫ್ರಿಜ್‌ನ ರಟ್ಟಿನ ಪೆಟ್ಟಿಗೆಯ ಮೇಲೂ ಇರಲೇಬೇಕಲ್ಲವೇ ಎಂದು ಹೊಳೆದು, ಅಟ್ಟ ಹತ್ತಿದೆ. ನಮ್ಮಲ್ಲಿ ಅಂಥ ಪೆಟ್ಟಿಗೆಗಳನ್ನು ಎಸೆಯುವ ಪದ್ಧತಿಯಿಲ್ಲ. ಚೌತಿಯ ಮಂಟಪದ ಬಣ್ಣದ ಕಾಗದ, ದೀಪದ ಸರ, ಗಣಪತಿಯ ಮೇಲೆ ಹಣ್ಣು ಕಾಯಿ ಕಟ್ಟುವ ಮಾಟೋಳಿಯ ಕಳೆದ ಸಲದ ಹಗ್ಗ ಎಲ್ಲವೂ ಅದರಲ್ಲೇ ಇದ್ದವು. ಅವನ್ನೆಲ್ಲ ಬದಿಗಿರಿಸಿ ಬ್ಯಾಟರಿ ಬೆಳಕು ಬಿಟ್ಟು ನೋಡಿದರೆ, ಪೆಟ್ಟಿಗೆಯ ಕೆಳಮೂಲೆಯಲ್ಲಿ, ಬೆಲೆ ಮತ್ತು ತಯಾರಿಕೆಯ ತಿಂಗಳಿನ ಪಕ್ಕ, ಗ್ರಾಹಕರ ದೂರಿಗಾಗಿ ಎಂದು ಒಂದು ವಿಳಾಸ ಮತ್ತು ಬೇರೆ ರಾಜ್ಯದ ಊರೊಂದರ ಎಸ್‌ಟಿಡಿ ಕೋಡ್ ಸಹಿತವಾದ ಸ್ಥಿರ ದೂರವಾಣಿ ಸಂಖ್ಯೆ. ಅದೇ ಮಧ್ಯಾಹ್ನ ಅದಕ್ಕೆ ಕರೆ ಮಾಡಿದೆ. ಎಸ್‌ಟಿಡಿ ಕೋಡ್ ಇರುವ ಸಂಖ್ಯೆ ಸಾಮಾನ್ಯ ಕರೆಯಾದ್ದರಿಂದ ಪ್ಯಾಕಿನಲ್ಲೇ ಸೇರಿತು, ಒಂದು ಪೈಸೆ ಹೋಗಲಿಲ್ಲ. ನಾಲ್ಕನೆಯ ರಿಂಗಿಗೆ ಒಬ್ಬರು ಎತ್ತಿಕೊಂಡರು. ಅವರಿಗೆ ಕನ್ನಡ ಬಾರದು, ನನ್ನ ಹಿಂದಿ ಖಜಾನೆಯ ಹಿಂದಿ, ಆದರೂ ಆರು ನಿಮಿಷದಲ್ಲಿ ದೂರು ದಾಖಲಾಗಿ ಸಂಖ್ಯೆ ಸಿಕ್ಕಿತು. ಅಂಕ ಕೊಡುವುದಾದರೆ ಬಾಗಿಲಿನ ಸ್ಟಿಕರಿಗೆ ಐದರಲ್ಲಿ ಅರ್ಧ, ಅಟ್ಟದ ಮೇಲಿನ ಪೆಟ್ಟಿಗೆಗೆ ನಾಲ್ಕು. ಎರಡೂ ಒಂದೇ ಕಂಪನಿಯವು.

ಇಂಥ ಬದಲಿ ಸಂಖ್ಯೆಯನ್ನು ಗೂಗಲ್‌ನಲ್ಲಿ ಹುಡುಕಿದರಾಯಿತಲ್ಲ, ಅಟ್ಟ ಹತ್ತುವುದೇಕೆ ಎಂದು ಕೇಳಬಹುದು. ಬೇಡ ಎಂದು ಬಹಳ ಗಟ್ಟಿಯಾಗಿ ಹೇಳುತ್ತೇನೆ. ಕಂಪನಿಯ ಹೆಸರಿನ ಮುಂದೆ ತಮ್ಮ ಮೊಬೈಲ್ ಸಂಖ್ಯೆಯನ್ನು ಕಸ್ಟಮರ್ ಕೇರ್ ಎಂದು ಹಾಕಿಕೊಂಡು ಕಾಯುವ ವಂಚಕರಿದ್ದಾರೆ. ಅಂಥವರು ಮೊದಲ ರಿಂಗಿಗೇ ಎತ್ತುತ್ತಾರೆ, ಬಹಳ ವಿನಯದಿಂದ ಮಾತನಾಡುತ್ತಾರೆ, ಹತ್ತು ರೂಪಾಯಿ ನೋಂದಣಿ ಶುಲ್ಕವೆಂದು ಕೊಂಡಿ ಕಳಿಸುತ್ತಾರೆ, ಇಲ್ಲವೇ ಮೊಬೈಲಿನ ಪರದೆಯನ್ನು ಅವರಿಗೆ ತೋರಿಸುವ ಆ್ಯಪ್ ಹಾಕಿಸುತ್ತಾರೆ. ಒಂದೂವರೆ ರೂಪಾಯಿ ಉಳಿಸಲು ಹೋಗಿ ಬ್ಯಾಂಕಿನ ಖಾತೆ ಬರಿದಾದರೆ ಅದಕ್ಕಿಂತ 1860ರ ಸಂಗೀತವೇ ವಾಸಿ. ಸಂಖ್ಯೆಯನ್ನು ರಸೀದಿ, ವಾರಂಟಿ ಕಾರ್ಡ್, ಪೊಟ್ಟಣ, ಪಾಲಿಸಿ ಪುಸ್ತಕ, ಇವುಗಳಿಂದಲೇ ತೆಗೆದುಕೊಳ್ಳಬೇಕು. ಅಕಸ್ಮಾತ್ ಹಣ ಹೋದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ತಿಳಿಸಬೇಕು. ಹಾಗೆಯೇ +91 ಅಲ್ಲದ ವಿದೇಶಿ ಸಂಖ್ಯೆಯಿಂದ ಒಂದೇ ರಿಂಗ್ ಬಂದು ನಿಂತರೆ, ಪರಿಚಯದವರು ಯಾರೂ ಆ ದೇಶದಲ್ಲಿಲ್ಲದಿದ್ದರೆ, ಮರಳಿ ಕರೆಯಬಾರದು. ಆ ಕರೆಯ ದರವೇ ಅವರ ಗಳಿಕೆ. ನಮಗೆ ಗೊತ್ತಿಲ್ಲದೆ ಹಾಡು, ಜ್ಯೋತಿಷ್ಯ, ಕ್ರಿಕೆಟ್ ಅಂಕಗಳ ಚಂದಾ ಏನಾದರೂ ಹತ್ತಿಕೊಂಡು ಹಣ ಕಡಿಯುತ್ತಿದ್ದರೆ ನಿಲ್ಲಿಸಲು 155223 ಎಂಬ ಉಚಿತ ಸಂಖ್ಯೆಯಿದೆ. ನಮ್ಮ ಮನೆಯಲ್ಲಿ ಅದರ ಅಗತ್ಯ ಬೀಳಲಿಲ್ಲವಾದ್ದರಿಂದ ಅದಕ್ಕೆ ಅಂಕ ಕೊಟ್ಟಿಲ್ಲ.

ಗ್ರಾಹಕ ಆಯೋಗಕ್ಕೆ ಏಕೆ ಹೋಗಲಿಲ್ಲವೆಂದು ಗೆಳೆಯರೊಬ್ಬರು ಕೇಳಿದರು. ಜಿಲ್ಲಾ ಆಯೋಗ ನಮ್ಮೂರಿನಲ್ಲೇ ಇದೆ, ಐದು ಲಕ್ಷದವರೆಗಿನ ದೂರಿಗೆ ಶುಲ್ಕವೂ ಇಲ್ಲ. ಆದರೂ 38 ರೂಪಾಯಿ 40 ಪೈಸೆಯ ದಾವೆ ಹಿಡಿದು ಹೋಗುವಷ್ಟು ಹಟ ನನ್ನಲ್ಲಿ ಉಳಿದಿಲ್ಲ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ, ಮಾರಿದ ವಸ್ತುವಿನ ದೂರಿಗೆ ಹಣ ತೆರಿಸುವ ಸಂಖ್ಯೆಯನ್ನೇ ದೊಡ್ಡದಾಗಿ ಅಂಟಿಸುವ ಪದ್ಧತಿಯ ಬಗ್ಗೆ ದಾಖಲಿಸಿದೆ. ಅದೂ ಉಚಿತವೇ.

ಶಿರಸಿಯ ಹತ್ತಿರದ ಹಳ್ಳಿಗೆ ಕೊಟ್ಟ ನನ್ನ ತಂಗಿಗೆ ಈ ಮೂರು ತಿಂಗಳ ಲೆಕ್ಕವನ್ನು ಓದಿ ಹೇಳಿದೆ. ಅವರ ಮನೆ ತೋಟದ ತಗ್ಗಿನಲ್ಲಿದೆ; ಮೊಬೈಲಿಗೆ ಸಿಗ್ನಲ್ ಬೇಕೆಂದರೆ ಹಿಂದಿನ ಗುಡ್ಡದ ನೆತ್ತಿಗೆ ಹೋಗಬೇಕು. ಹಳೆಯ ಸ್ಥಿರ ದೂರವಾಣಿ ಇನ್ನೂ ಇದೆ, ಮಳೆಗಾಲದಲ್ಲಿ ಅದು ಇದ್ದಷ್ಟೇ ಇಲ್ಲದೆಯೂ ಇರುತ್ತದೆ. ಕಳೆದ ವರ್ಷ ಅವಳು ಪಂಪ್‌ಸೆಟ್ಟಿನ ದೂರಿಗಾಗಿ ಕಂಪನಿಯೊಂದರ ಸಂಖ್ಯೆಗೆ ಗುಡ್ಡದ ಮೇಲೆ ನಿಂತು, ಒಂದು ಕೈಯಲ್ಲಿ ಕೊಡೆ, ಒಂದು ಕೈಯಲ್ಲಿ ಮೊಬೈಲ್ ಹಿಡಿದು, ಕಾಲಿಗೆ ಹತ್ತಿದ ಉಂಬಳ ಕೀಳಲು ಮೂರನೆಯ ಕೈ ಇಲ್ಲದೆ, ಅರ್ಧ ಗಂಟೆ ಕಾದಿದ್ದಳಂತೆ. ನೀನು ಹೋದ ರೂಪಾಯಿಯ ಲೆಕ್ಕ ಬರೆದಿಟ್ಟೆಯಣ್ಣ, ನಾನು ಗುಡ್ಡ ಹತ್ತಿ ಇಳಿದದ್ದನ್ನು ಯಾವ ಕಾಲಮ್ಮಿನಲ್ಲಿ ಬರೆಯಲಿ ಎಂದು ಕೇಳಿದಳು. ಆರು ಕಾಲಂಗಳ ನನ್ನ ಪುಸ್ತಕದಲ್ಲಿ ಅದಕ್ಕೆ ಜಾಗವಿರಲಿಲ್ಲ. ಅವಳ ಸ್ಥಿರ ದೂರವಾಣಿಯಿಂದ 1800 ಸಂಖ್ಯೆಗಳು ಹಣವಿಲ್ಲದೆ ಹೋಗುತ್ತವೆ ಎಂಬುದನ್ನಷ್ಟೇ ಹೇಳಿ, ಅವಳ ಪಂಪ್‌ಸೆಟ್ಟಿನ ಪೆಟ್ಟಿಗೆಯನ್ನೂ ಹುಡುಕಲು ತಿಳಿಸಿದೆ. ಅವರು ಅದನ್ನು ಒಲೆಗೆ ಹಾಕಿಯಾಗಿತ್ತು.

ದೂರು ದಾಖಲಾದ ಮೂರನೆಯ ದಿನ ಕಂಪನಿಯ ತಂತ್ರಜ್ಞ ಹುಬ್ಬಳ್ಳಿಯಿಂದ ಅರಬೈಲು ಘಟ್ಟವಿಳಿದು ಬಂದ. ಶೆಟ್ಲಿ ಅಷ್ಟರಲ್ಲಿ ನೆರೆಮನೆಗಳ ಪಾಲಾಗಿತ್ತು. ಕಂಪ್ರೆಸರ್ ಕೆಟ್ಟಿರಲಿಲ್ಲ, ಕಡಲಿನ ಉಪ್ಪುಗಾಳಿಗೆ ಅದನ್ನು ಚಾಲೂ ಮಾಡುವ ಹಿಂಬದಿಯ ರಿಲೇಯ ತುದಿಗಳು ತುಕ್ಕು ಹಿಡಿದಿದ್ದವು. ಕಾರವಾರದಲ್ಲಿ ಯಾವ ಯಂತ್ರವನ್ನು ಬಿಚ್ಚಿದರೂ ಮೊದಲು ಕಾಣುವುದು ಇದೇ ಎಂದು ಆ ಹುಡುಗ ಹೇಳಿದ. ಬದಲಿ ಭಾಗದ ದಾಸ್ತಾನು ಇದೆಯೇ ಎಂದು ಕೇಳಲು ತನ್ನ ಕಚೇರಿಗೆ ಕರೆ ಮಾಡಬೇಕಾಗಿ ಬಂದು, ಜಗಲಿಗೆ ಬಂದು ಮೊಬೈಲ್ ತೆಗೆದ. ನಾನು ಪಕ್ಕದಲ್ಲೇ ನಿಂತಿದ್ದೆ. ಫ್ರಿಜ್‌ನ ಬಾಗಿಲಿನ ಕಡೆಗೆ ಅವನು ನೋಡಲೂ ಇಲ್ಲ. ಹುಬ್ಬಳ್ಳಿಯ 0836 ಎಂದು ಒತ್ತತೊಡಗಿದ.